ಹೌಸ್‌ಸರ್ಜನ್ಸಿ ಮುಗಿಯುವ ಮುಂಚೆ ಕೈಗೆ ಕೆಲಸ ಕಲಿಸುವುದು ಹೇಗೆ?

ನಾನು ಎಂಬಿಬಿಎಸ್ ಮುಗಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ ಎರಡನೇ ವಾರ. ರಾತ್ರಿ ಹತ್ತು ಗಂಟೆ ಮೇಲೆ ಒಂದು ಮಗುವನ್ನು ಎತ್ತಿಕೊಂಡು ಬಂದರು. ಮೂರು ವರ್ಷ ಇರಬಹುದು. ಬೆಳಗ್ಗೆಯಿಂದ ವಾಂತಿ, ಭೇದಿ. ಕಣ್ಣು ಒಳಗೆ ಹೋಗಿತ್ತು. ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಬಾಯಿಗೆ ಓಆರ್‌ಎಸ್ ಹಾಕಿದರೆ ನುಂಗುವ ಸ್ಥಿತಿಯಲ್ಲಿ ಇರಲಿಲ್ಲ. ಏನು ಮಾಡಬೇಕು ಅನ್ನೋದು ನನಗೆ ಬಾಯಿಪಾಠ. ಕೆಜಿಗೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್, ಮೊದಲ 30 ನಿಮಿಷಕ್ಕೆ 30, ಆಮೇಲೆ ಎರಡೂವರೆ ಗಂಟೆಗೆ 70. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

ಆದರೆ ಡ್ರಿಪ್ ಹಾಕಲು ನರ (ರಕ್ತನಾಳ) ಸಿಗಲಿಲ್ಲ. ಎರಡು ಸಲ ಚುಚ್ಚಿದೆ, ಎರಡೂ ಸಲ ಊದಿಕೊಂಡಿತು. ಮಗುವಿನ ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಅಲ್ಲಿದ್ದ ಹಿರಿಯ ಸಿಸ್ಟರ್ ನನ್ನ ಕೈಯಿಂದ ಮೆಲ್ಲಗೆ ಕ್ಯಾನುಲಾ (ನರಕ್ಕೆ ಹಾಕುವ ಸಣ್ಣ ಪ್ಲಾಸ್ಟಿಕ್ ನಳಿಕೆ) ತೆಗೆದುಕೊಂಡು, "ಡಾಕ್ಟ್ರೇ, ಟಾರ್ಚ್ ಹಿಡ್ಕೊಳಿ" ಅಂದರು. ಮಗುವಿನ ಅಂಗೈ ಕೆಳಗೆ ಟಾರ್ಚ್ ಇಟ್ಟಾಗ ಕೈ ಕೆಂಪಗೆ ಹೊಳೆಯಿತು, ನಡುವೆ ಕಪ್ಪು ಗೆರೆಯ ಹಾಗೆ ನರ ಕಾಣಿಸಿತು. ಒಂದೇ ಸಲಕ್ಕೆ ಹಾಕಿದರು.

ಹೌಸ್‌ಸರ್ಜನ್ಸಿಯಲ್ಲಿ, ಅಂದರೆ ಎಂಬಿಬಿಎಸ್‌ನ ಕೊನೆಯ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ, ಮಕ್ಕಳ ವಿಭಾಗದಲ್ಲಿ ನನಗೂ ಪೋಸ್ಟಿಂಗ್ ಆಗಿತ್ತು. ಆ ದಿನಗಳಲ್ಲಿ ನಾನು ಏನು ಮಾಡಿದ್ದೆ? ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಓಡಿದ್ದೆ. ಸ್ಕ್ಯಾನಿಂಗ್‌ಗೆ ದಿನಾಂಕ ತರಲು ಸಾಲಿನಲ್ಲಿ ನಿಂತಿದ್ದೆ. ಡಿಸ್ಚಾರ್ಜ್ ಕಾರ್ಡ್ ಬರೆದಿದ್ದೆ. ಒಂದು ಮಗುವಿಗೂ ಕ್ಯಾನುಲಾ ಹಾಕಿರಲಿಲ್ಲ. ಆದರೂ ನನ್ನ ಲಾಗ್‌ಬುಕ್‌ನಲ್ಲಿ ಆ ಪುಟ ತುಂಬಿತ್ತು, ಕೆಳಗೆ ಸಹಿಯೂ ಇತ್ತು.

ಈ ಲೇಖನ ಈಗ ಹೌಸ್‌ಸರ್ಜನ್ಸಿ ಮಾಡುತ್ತಿರುವವರಿಗೆ, ಇನ್ನು ಕೆಲವೇ ತಿಂಗಳಲ್ಲಿ ಶುರು ಮಾಡುವವರಿಗೆ. ಕಾಲೇಜು ಸರಿಯಿಲ್ಲ, ವ್ಯವಸ್ಥೆ ಸರಿಯಿಲ್ಲ ಅಂತ ಹೇಳಬಹುದು. ನಿಜವೂ ಹೌದು. ಆದರೆ ಆ ವ್ಯವಸ್ಥೆ ಸರಿಯಾಗುವವರೆಗೆ ನಿಮ್ಮ 52 ವಾರ ಕಾಯುವುದಿಲ್ಲ. ಹಾಗಾಗಿ ಇದ್ದ ಆಸ್ಪತ್ರೆಯಲ್ಲೇ, ಇದ್ದ ಸಮಯದಲ್ಲೇ ಕೈಗೆ ಕೆಲಸ ಹೇಗೆ ಕಲಿಸಬಹುದು ಅನ್ನೋದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ನಿಯಮ ಏನು ಹೇಳುತ್ತೆ ಅಂತ ತಿಳಿದುಕೊಳ್ಳಿ

ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ಇಂಟರ್ನ್‌ಶಿಪ್‌ಗೆ ಹೊಸ ನಿಯಮಾವಳಿ ತಂದಿತು. ಅದನ್ನು ಒಮ್ಮೆ ಪೂರ್ತಿ ಓದಿ, ಒಂದು ಸಂಜೆ ಸಾಕು. ಅದರಲ್ಲಿ ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 7, ಮೆಡಿಸಿನ್ ಮತ್ತು ಸರ್ಜರಿಗೆ ತಲಾ 6, ಮಕ್ಕಳ ವಿಭಾಗಕ್ಕೆ 3, ಕ್ಯಾಶುವಲ್ಟಿಗೆ 2, ಅರಿವಳಿಕೆಗೆ 2 ಹೀಗೆ ಹಂಚಿದ್ದಾರೆ. ಪ್ರತಿ ವಿಭಾಗದಲ್ಲಿ ಇಂಟರ್ನ್ ಯಾವ ಕೆಲಸ ತಾನೇ ಮಾಡಬೇಕು, ಯಾವುದಕ್ಕೆ ಜೊತೆಗೆ ನಿಲ್ಲಬೇಕು, ಯಾವುದನ್ನು ನೋಡಿದರೆ ಸಾಕು ಅನ್ನೋದನ್ನೂ ಬರೆದಿದ್ದಾರೆ. ಇದು ಮುಖ್ಯ. ಯಾಕಂದರೆ ನೀವು ಪಿಜಿ (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಹತ್ತಿರ ಹೋಗಿ "ನನಗೂ ಒಂದು ಚಾನ್ಸ್ ಕೊಡಿ" ಅಂತ ಕೇಳುವಾಗ ಅದು ಬೇಡಿಕೊಳ್ಳುವ ಮಾತಲ್ಲ. ನೀವು ಕಲಿಯಲೇಬೇಕು ಅಂತ ನಿಯಮದಲ್ಲೇ ಇದೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ. ಇಂಟರ್ನ್ ಮಾಡುವ ಎಲ್ಲ ಕೆಲಸವೂ ಹಿರಿಯರ ಮೇಲ್ವಿಚಾರಣೆಯಲ್ಲೇ ಆಗಬೇಕು. ಮರಣ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಹೋಗುವ ಪ್ರಕರಣ) ಕಾಗದಗಳಿಗೆ ನಿಮ್ಮ ಹೆಸರಲ್ಲಿ ಸಹಿ ಹಾಕುವಂತಿಲ್ಲ. ರಾತ್ರಿ ಎರಡು ಗಂಟೆಗೆ ಯಾರಾದರೂ "ಸುಮ್ನೆ ಒಂದು ಸೈನ್ ಹಾಕಪ್ಪಾ" ಅಂದರೆ ಹಾಕಬೇಡಿ.

ಒಂದು ಚಿಕ್ಕ ನೋಟ್‌ಬುಕ್, ಮೂರು ಕಾಲಂ

ಕಾಲೇಜಿನ ಲಾಗ್‌ಬುಕ್ ಸಹಿಗಾಗಿ. ಇದು ನಿಮಗಾಗಿ. ಏಪ್ರನ್ ಜೇಬಿನಲ್ಲಿ ಹಿಡಿಯುವಂಥ ಹತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ಮೂರು ಕಾಲಂ ಹಾಕಿ: ನೋಡಿದ್ದು, ಜೊತೆಗೆ ಮಾಡಿದ್ದು, ನಾನೇ ಮಾಡಿದ್ದು. ಎಡಗಡೆ ಕೆಲಸದ ಹೆಸರು. ಮಾಡಿದ ದಿನವೇ ಒಂದು ಗೆರೆ ಎಳೆಯಿರಿ. ರೋಗಿಯ ಹೆಸರು ಬರೆಯಬೇಡಿ, ಫೋಟೋನೂ ಬೇಡ. ದಿನಾಂಕ ಮತ್ತು ಏನು ತಪ್ಪಾಯಿತು ಅನ್ನೋದು ಒಂದು ಸಾಲು ಇದ್ದರೆ ಸಾಕು.

ಯಾವ ಕೆಲಸಗಳನ್ನು ಬರೆಯಬೇಕು? ನಾನು ಹೀಗೆ ಯೋಚಿಸುತ್ತೇನೆ: ನಾಳೆ ನೀವೊಬ್ಬರೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದೀರಿ, ತಾಲ್ಲೂಕು ಆಸ್ಪತ್ರೆ ಒಂದು ಗಂಟೆ ದೂರ. ಆ ಒಂದು ಗಂಟೆಯಲ್ಲಿ ನಿಮ್ಮ ಕೈಗೆ ಏನೇನು ಬರಬೇಕು? ದೊಡ್ಡವರಿಗೆ, ಮಕ್ಕಳಿಗೆ ಕ್ಯಾನುಲಾ. ಮೂತ್ರಕ್ಕೆ ಕ್ಯಾತಿಟರ್. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್. ಗಾಯ ತೊಳೆದು ಹೊಲಿಗೆ. ಕೀವು ಗಡ್ಡೆ ಕೊಯ್ದು ಬಿಡುವುದು. ಮುರಿದ ಕೈಗೆ ಸ್ಲ್ಯಾಬ್. ಇಸಿಜಿ ತೆಗೆದು ಓದುವುದು. ಸಹಜ ಹೆರಿಗೆ, ಹೆರಿಗೆಗಾಗಿ ಕೊಯ್ದ ಜಾಗಕ್ಕೆ (ಎಪಿಸಿಯಾಟಮಿ) ಹೊಲಿಗೆ. ಅಳದೆ ಹುಟ್ಟಿದ ಮಗುವಿಗೆ ಬ್ಯಾಗ್ ಮಾಸ್ಕ್‌ನಲ್ಲಿ ಉಸಿರು ಕೊಡುವುದು. ಸಿಪಿಆರ್. ಮೂಗಿನ ರಕ್ತಕ್ಕೆ ಪ್ಯಾಕಿಂಗ್. ನಾಯಿ ಕಡಿದವರಿಗೆ ಚರ್ಮದೊಳಗಿನ ಇಂಜೆಕ್ಷನ್. ಹಾವು ಕಚ್ಚಿದವರಿಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ.

ಕರ್ನಾಟಕದಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ 2012ರ ಕಾನೂನು ಇದೆ. ಎಲ್ಲರಿಗೂ ಪೋಸ್ಟಿಂಗ್ ಬರುತ್ತೋ ಇಲ್ಲವೋ, ಬಂದವರಿಗೆ ಈ ಪಟ್ಟಿ ಮೊದಲ ವಾರದಲ್ಲೇ ಬೇಕಾಗುತ್ತೆ.

ಪ್ರತಿ ಭಾನುವಾರ ಹತ್ತು ನಿಮಿಷ ಕೂತು ಮೂರನೇ ಕಾಲಂ ನೋಡಿ. ಖಾಲಿ ಇರುವುದೇ ಮುಂದಿನ ವಾರದ ಕೆಲಸ. ಇಪ್ಪತ್ತು ಸಲ ನೋಡಿದ್ದು, ಸೊನ್ನೆ ಸಲ ಮಾಡಿದ್ದು ಅಂತ ಕಣ್ಣೆದುರು ಕಂಡರೆ ಯಾರೂ ಹೇಳದೆಯೇ ನೀವು ಮುಂದೆ ಹೋಗಿ ಕೇಳುತ್ತೀರಿ.

ಪೋಸ್ಟಿಂಗ್ ಹಿಂದಿನ ರಾತ್ರಿ ಕೈ ರೆಡಿ ಮಾಡಿ

ಹಿರಿಯರು ಇಂಟರ್ನ್‌ಗೆ ಕೆಲಸ ಕೊಡದಿರಲು ಒಂದು ನಿಜವಾದ ಕಾರಣ ಇದೆ. ಸಮಯ. ಪಿಜಿ ಮೂರು ನಿಮಿಷದಲ್ಲಿ ಮುಗಿಸುವುದನ್ನು ನೀವು ಇಪ್ಪತ್ತು ನಿಮಿಷ ಮಾಡುತ್ತೀರಿ, ಹೊರಗೆ ಹದಿನೈದು ಜನ ಕಾಯುತ್ತಿರುತ್ತಾರೆ. ಆದ್ದರಿಂದ ಗ್ಲೌಸ್ ಹಾಕುವುದು, ಟ್ರೇ ಜೋಡಿಸುವುದು, ಗಂಟು ಹಾಕುವುದು, ಇವನ್ನೆಲ್ಲ ರೋಗಿಯ ಮುಂದೆ ಕಲಿಯಬೇಡಿ.

ಹೊಲಿಗೆಗೆ ಬಾಳೆಹಣ್ಣಿನ ಸಿಪ್ಪೆ ಚೆನ್ನಾಗಿದೆ. ತೆಳ್ಳಗಿರುತ್ತೆ, ಜಾಸ್ತಿ ಎಳೆದರೆ ಹರಿಯುತ್ತೆ. ಅಲ್ಲೇ ಕೈ ಎಷ್ಟು ಹಗುರ ಇರಬೇಕು ಅಂತ ಗೊತ್ತಾಗುತ್ತೆ. ಮಾಂಸದಂಗಡಿಯಿಂದ ಚರ್ಮ ಸಮೇತ ಕೋಳಿ ಕಾಲು ತಂದರೆ ಇನ್ನೂ ಒಳ್ಳೆಯದು. ಅವಧಿ ಮುಗಿದ ಹೊಲಿಗೆ ದಾರ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್ ಹತ್ತಿರ ಕೇಳಿದರೆ ಸಿಗುತ್ತೆ. ನೀಡಲ್ ಹೋಲ್ಡರ್ ಒಂದು ಸ್ವಂತಕ್ಕೆ ಕೊಂಡುಕೊಳ್ಳಿ. ದಿನಾ ಹತ್ತು ಗಂಟು, ಎರಡು ವಾರ. ಆಮೇಲೆ ಮೈನರ್ ಓಟಿಗೆ ಹೋಗಿ.

ಕಾಲೇಜಿನಲ್ಲಿ ಸ್ಕಿಲ್ ಲ್ಯಾಬ್ ಇರಲೇಬೇಕು. ಬಹಳ ಕಡೆ ಇನ್‌ಸ್ಪೆಕ್ಷನ್ ಬಂದಾಗ ಮಾತ್ರ ಬೀಗ ತೆಗೆಯುತ್ತಾರೆ. ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಿ, ವಾರಕ್ಕೆ ಒಂದು ಸಂಜೆ ತೆಗೆಸಿಕೊಳ್ಳಿ. ಸಿಪಿಆರ್ ಮಾತ್ರ ಮ್ಯಾನಿಕಿನ್ ಮೇಲೆ ಬೆವರು ಬರುವವರೆಗೆ ಮಾಡಿ. ನಿಮಿಷಕ್ಕೆ 100ರಿಂದ 120 ಒತ್ತು, 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ಎರಡು ನಿಮಿಷಕ್ಕೇ ತೋಳು ಸೋಲುತ್ತೆ. ಅದು ಮೊದಲೇ ಗೊತ್ತಿದ್ದರೆ ಆ ಹೊತ್ತಿನಲ್ಲಿ ಪಕ್ಕದವರನ್ನು ಕರೆಯುತ್ತೀರಿ.

ಕೇಳುವ ರೀತಿ

ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ. ಯಾಕಂದರೆ ಬಹಳ ಜನ ಇಲ್ಲೇ ಸೋಲುತ್ತಾರೆ.

"ಸರ್, ಏನಾದ್ರೂ ಪ್ರೊಸೀಜರ್ ಇದ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಅವರಿಗೆ ನೆನಪಿರುವುದಿಲ್ಲ. ಬೆಳಗ್ಗೆ ರೌಂಡ್ಸ್‌ನಲ್ಲೇ ಕಿವಿ ಕೊಡಿ. ಎಂಟನೇ ಬೆಡ್‌ಗೆ ಹೊಟ್ಟೆ ನೀರು ತೆಗೆಯಬೇಕು ಅಂತ ಪ್ರೊಫೆಸರ್ ಹೇಳಿದ ತಕ್ಷಣ ನಿಮ್ಮ ತಲೆಯಲ್ಲಿ ಗಂಟೆ ಹೊಡೆಯಬೇಕು. ರೌಂಡ್ಸ್ ಮುಗಿದ ಮೇಲೆ ಪಿಜಿ ಹತ್ತಿರ ಹೋಗಿ ಹೀಗೆ ಹೇಳಿ: "ಸರ್, ಎಂಟನೇ ಬೆಡ್ ಟ್ಯಾಪಿಂಗ್ ಇದೆಯಲ್ವಾ. ನಾನು ಮೂರು ಸಲ ನೋಡಿದ್ದೀನಿ. ಟ್ರೇ ನಾನೇ ಇಡ್ತೀನಿ, ಒಪ್ಪಿಗೆ ಕಾಗದ ರೆಡಿ ಮಾಡ್ತೀನಿ. ನೀವು ಪಕ್ಕದಲ್ಲಿ ನಿಂತು ಹೇಳ್ಕೊಡಿ, ನಾನು ಹಾಕ್ತೀನಿ." ಇದರಲ್ಲಿ ಯಾವ ರೋಗಿ, ಯಾವ ಕೆಲಸ, ಎಷ್ಟು ನೋಡಿದ್ದೀರಿ, ನಿಮ್ಮಿಂದ ಅವರಿಗೆ ಎಷ್ಟು ಕೆಲಸ ಕಡಿಮೆಯಾಗುತ್ತೆ, ಎಲ್ಲವೂ ಇದೆ. ಬೇಡ ಅನ್ನುವುದು ಕಷ್ಟ.

ಪಿಜಿಗಳ ಪರಿಸ್ಥಿತಿಯನ್ನೂ ಅರ್ಥ ಮಾಡಿಕೊಳ್ಳಿ. ಅವರಿಗೂ ಕಲಿಯುವ ಕೆಲಸಗಳಿವೆ. ಎದೆಗೆ ಟ್ಯೂಬ್ ಹಾಕುವುದು, ಸೆಂಟ್ರಲ್ ಲೈನ್, ಇವುಗಳಿಗೆ ನೀವು ಪೈಪೋಟಿ ಮಾಡಬೇಡಿ. ಕ್ಯಾತಿಟರ್, ರೈಲ್ಸ್ ಟ್ಯೂಬ್, ಹೊಲಿಗೆ, ಎಬಿಜಿ (ಅಪಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ), ಇವು ಅವರಿಗೆ ಬೇಸರ ಬಂದ ಕೆಲಸಗಳು. ಅವೇ ನಿಮಗೆ ಬೇಕಾದವು. ಬರವಣಿಗೆ ಕೆಲಸವನ್ನು ಬಿಟ್ಟು ಓಡಬೇಡಿ, ಅದನ್ನೇ ಮುಂದಿಟ್ಟು ಮಾತಾಡಿ. "ಹನ್ನೆರಡು ಗಂಟೆ ಒಳಗೆ ಐದೂ ಡಿಸ್ಚಾರ್ಜ್ ಮುಗಿಸ್ತೀನಿ ಮೇಡಂ, ಆಮೇಲೆ ಮೈನರ್ ಓಟಿಗೆ ಬರ್ಲಾ?" ಅಂದರೆ ಸಾಮಾನ್ಯವಾಗಿ ಹೂಂ ಅಂತಾರೆ.

ಸಿಸ್ಟರ್‌ಗಳನ್ನು ಮರೆಯಬೇಡಿ. ಇಪ್ಪತ್ತು ವರ್ಷ ವಾರ್ಡ್‌ನಲ್ಲಿ ದುಡಿದ ಸ್ಟಾಫ್ ನರ್ಸ್‌ಗೆ ಕ್ಯಾನುಲಾ ವಿಷಯದಲ್ಲಿ ಯಾವ ಪ್ರೊಫೆಸರ್‌ಗಿಂತಲೂ ಜಾಸ್ತಿ ಗೊತ್ತಿರುತ್ತೆ. ಲೇಬರ್ ರೂಮಿನಲ್ಲಂತೂ ಹೆರಿಗೆ ಹಿಡಿಯಲು ಕಲಿಸುವವರು ಅವರೇ. ಮೊದಲ ದಿನವೇ ನಿಮ್ಮ ಹೆಸರು ಹೇಳಿ, "ಸಿಸ್ಟರ್, ನಂಗೆ ಇದು ಸರಿಯಾಗಿ ಬರಲ್ಲ, ಹೇಳ್ಕೊಡ್ತೀರಾ?" ಅಂತ ಕೇಳಿ. ಬಳಸಿದ ಸೂಜಿ ನೀವೇ ಎಸೆಯಿರಿ, ಟ್ರೇ ನೀವೇ ಎತ್ತಿಡಿ. ಮೂರನೇ ದಿನದಿಂದ ಅವರೇ ಕರೆಯುತ್ತಾರೆ.

ಓಡಾಟದ ಕೆಲಸ ತಪ್ಪದಿದ್ದಾಗ

ಸ್ಯಾಂಪಲ್ ಒಯ್ಯುವುದು ವೈದ್ಯರ ತರಬೇತಿ ಅಲ್ಲ. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಬಹಳಷ್ಟು ಆಸ್ಪತ್ರೆಗಳಲ್ಲಿ ಅಟೆಂಡರ್‌ಗಳು ಸಾಲದೆ ಇಂಟರ್ನ್‌ಗಳೇ ಓಡಬೇಕಾದ ಪರಿಸ್ಥಿತಿ ಇದೆ. ಹಾಗಿದ್ದರೆ ಬರಿಗೈಲಿ ವಾಪಸ್ ಬರಬೇಡಿ.

ಸ್ಯಾಂಪಲ್ ಕೊಡುವ ಮುಂಚೆ ರಿಪೋರ್ಟ್ ಏನು ಬರಬಹುದು ಅಂತ ನೋಟ್‌ಬುಕ್‌ನಲ್ಲಿ ಊಹಿಸಿ ಬರೆಯಿರಿ. ಸಂಜೆ ತಾಳೆ ನೋಡಿ. ಲ್ಯಾಬ್‌ನಲ್ಲಿ ಐದು ನಿಮಿಷ ಇದ್ದರೆ ಆ ಸ್ಮಿಯರ್ ಒಮ್ಮೆ ತೋರಿಸಿ ಅಂತ ಕೇಳಿ. ಬ್ಲಡ್ ಬ್ಯಾಂಕ್‌ಗೆ ಹೋದರೆ ಕ್ರಾಸ್ ಮ್ಯಾಚ್ ಹೇಗೆ ಮಾಡುತ್ತಾರೆ ನೋಡಿ, ಬ್ಯಾಗ್ ತಂದ ಮೇಲೆ ಹಾಸಿಗೆ ಪಕ್ಕದಲ್ಲಿ ಹೆಸರು, ನಂಬರ್, ಗುಂಪು ನೀವೇ ತಾಳೆ ಹಾಕಿ, ಮೊದಲ 15 ನಿಮಿಷ ರೋಗಿ ಪಕ್ಕದಲ್ಲೇ ಇರಿ. ಎಕ್ಸ್‌ರೇ ತರಲು ಹೋದರೆ ವರದಿ ಓದುವ ಮುಂಚೆ ಫಿಲ್ಮ್ ನೋಡಿ. ಇದರಿಂದ ಓಡಾಟ ತಪ್ಪುವುದಿಲ್ಲ. ಆದರೆ ಆ ದಿನ ಪೂರ್ತಿ ಕಳೆದುಹೋಗುವುದೂ ಇಲ್ಲ.

ಒಂದು ಕೆಲಸ ಹತ್ತಿರದಿಂದ: ಕ್ಯಾನುಲಾ

ಎಲ್ಲ ಪ್ರೊಸೀಜರ್ ಇಲ್ಲಿ ಹೇಳಲಾಗುವುದಿಲ್ಲ. ಒಂದನ್ನು ಪೂರ್ತಿ ಹೇಳುತ್ತೇನೆ. ಉಳಿದವನ್ನೂ ಇದೇ ರೀತಿ ಚಿಕ್ಕ ಚಿಕ್ಕ ಚಲನೆಗಳಾಗಿ ಬಿಡಿಸಿ ಕಲಿಯಿರಿ.

ಮೊದಲು ಬಣ್ಣ. ಹಸಿರು 18 ಗೇಜ್, ಗುಲಾಬಿ 20, ನೀಲಿ 22, ಹಳದಿ 24. ರಕ್ತ ಹೋಗುತ್ತಿರುವವರಿಗೆ ಹಸಿರು ಅಥವಾ ಅದಕ್ಕಿಂತ ದಪ್ಪದ್ದು, ಚಿಕ್ಕ ಮಕ್ಕಳಿಗೆ ಹಳದಿ. ಎಲ್ಲ ಸಾಮಾನು ಕೈಗೆಟುಕುವ ಕಡೆ ಇಟ್ಟುಕೊಳ್ಳಿ. ಪ್ಲಾಸ್ಟರ್ ಮೊದಲೇ ಕತ್ತರಿಸಿ ಟ್ರೇ ಅಂಚಿಗೆ ಅಂಟಿಸಿ. ಸಲೈನ್ ತುಂಬಿದ ಸಿರಿಂಜ್ ಪಕ್ಕದಲ್ಲಿರಲಿ.

ನೀವು ನಿಂತುಕೊಂಡು ಬಗ್ಗಬೇಡಿ. ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ರೋಗಿಯ ಕೈ ಹಾಸಿಗೆಯಿಂದ ಸ್ವಲ್ಪ ಕೆಳಗೆ ಇಳಿಬಿಡಿ, ಮುಷ್ಟಿ ಬಿಗಿ ಮಾಡಿ ಬಿಡಲು ಹೇಳಿ. ಚುಚ್ಚುವ ಜಾಗದಿಂದ ನಾಲ್ಕು ಬೆರಳು ಮೇಲೆ ಪಟ್ಟಿ ಕಟ್ಟಿ. ನರವನ್ನು ಕಣ್ಣಿಂದ ಹುಡುಕಬೇಡಿ, ಬೆರಳಿಂದ ಹುಡುಕಿ. ಒತ್ತಿದರೆ ರಬ್ಬರ್ ಹಾಗೆ ಪುಟಿಯಬೇಕು. ನೀಲಿಯಾಗಿ ಚೆನ್ನಾಗಿ ಕಾಣುವ ನರ ಎಷ್ಟೋ ಸಲ ತೆಳ್ಳಗಿದ್ದು ಒಡೆದುಹೋಗುತ್ತೆ. ಕಾಣದಿದ್ದರೂ ಬೆರಳಿಗೆ ಪುಟಿಯುವ ನರ ನಂಬಿಕಸ್ಥ.

ಸ್ಪಿರಿಟ್ ಹಚ್ಚಿದ ಮೇಲೆ ಒಣಗಲು ಬಿಡಿ. ಎಡಗೈ ಹೆಬ್ಬೆರಳಿಂದ ಚರ್ಮವನ್ನು ಕೆಳಗೆ ಬಿಗಿಯಾಗಿ ಎಳೆಯಿರಿ. ಹೊಸಬರು ಬಹಳ ಸಲ ತಪ್ಪುವುದು ಇಲ್ಲೇ. ಚರ್ಮ ಸಡಿಲ ಇದ್ದರೆ ನರ ಜಾರುತ್ತೆ. ಸೂಜಿಯ ಕೊರೆದ ಮುಖ ಮೇಲಿರಲಿ. ಸುಮಾರು 15ರಿಂದ 20 ಡಿಗ್ರಿ ಓರೆಯಲ್ಲಿ ಒಳಗೆ ಹೋಗಿ. ಹಿಂದಿನ ಚೇಂಬರ್‌ನಲ್ಲಿ ರಕ್ತ ಕಂಡಿತಾ? ಖುಷಿಯಲ್ಲಿ ನಿಲ್ಲಬೇಡಿ. ಈಗ ಸೂಜಿಯ ತುದಿ ಮಾತ್ರ ನರದ ಒಳಗಿದೆ, ಪ್ಲಾಸ್ಟಿಕ್ ಇನ್ನೂ ಹೊರಗಿದೆ. ಓರೆ ಕಡಿಮೆ ಮಾಡಿ, ಚರ್ಮಕ್ಕೆ ಹೆಚ್ಚು ಕಡಿಮೆ ಸಮನಾಗಿಸಿ, ಇನ್ನೊಂದೆರಡು ಮಿ.ಮೀ. ಮುಂದೆ ಹೋಗಿ. ಆಮೇಲೆ ಸೂಜಿಯನ್ನು ಅಲ್ಲೇ ಹಿಡಿದು ಪ್ಲಾಸ್ಟಿಕ್ ಮಾತ್ರ ಮುಂದೆ ತಳ್ಳಿ. ಹೊರಗೆ ಎಳೆದ ಸೂಜಿಯನ್ನು ಮತ್ತೆ ಪ್ಲಾಸ್ಟಿಕ್ ಒಳಗೆ ತೂರಿಸಬೇಡಿ, ತುದಿ ಕತ್ತರಿಸಿ ನರದೊಳಗೆ ಹೋಗಬಹುದು.

ಪಟ್ಟಿ ಬಿಚ್ಚಿ. ಮರೆಯುತ್ತೀರಿ, ಎಲ್ಲರೂ ಮರೆಯುತ್ತಾರೆ. ಕ್ಯಾನುಲಾ ತುದಿಯ ಮೇಲೆ ಚರ್ಮದ ಹೊರಗಿನಿಂದ ಒತ್ತಿ ಹಿಡಿದು ಸೂಜಿ ತೆಗೆಯಿರಿ, ಸೂಜಿ ನೇರ ಬಿಳಿ ಡಬ್ಬಿಗೆ. ಸಲೈನ್ ಬಿಟ್ಟು ನೋಡಿ. ಊದಿಕೊಂಡರೆ, ರೋಗಿ ಉರಿ ಅಂದರೆ, ತೆಗೆದುಬಿಡಿ. ಪ್ಲಾಸ್ಟರ್ ಮೇಲೆ ದಿನಾಂಕ, ಸಮಯ ಬರೆಯಿರಿ.

ಎರಡು ಸಲ ತಪ್ಪಿದರೆ ಮೂರನೇ ಸಲ ಬೇರೆಯವರನ್ನು ಕರೆಯಿರಿ. ಇದು ನಿಮ್ಮ ನಿಯಮ ಆಗಲಿ. ರೋಗಿಯ ಕೈ ನಿಮ್ಮ ಬಾಳೆಸಿಪ್ಪೆ ಅಲ್ಲ. ಕರೆದ ಮೇಲೆ ಅಲ್ಲಿಂದ ಹೋಗಬೇಡಿ, ಅವರು ಹೇಗೆ ಹಾಕುತ್ತಾರೆ ನೋಡಿ.

ಕ್ಯಾಶುವಲ್ಟಿ, ಲೇಬರ್ ರೂಮ್, ರಾತ್ರಿ

ಹಗಲು ಎಲ್ಲರೂ ಇರುತ್ತಾರೆ. ಕಲಿಯುವ ಅವಕಾಶ ರಾತ್ರಿ ಸಿಗುತ್ತೆ, ಅದರಲ್ಲೂ ನಿಮ್ಮ ಯೂನಿಟ್‌ನ ಅಡ್ಮಿಷನ್ ಡೇ ರಾತ್ರಿ. ಬೈಕ್‌ನಿಂದ ಬಿದ್ದವರು, ಕುಡುಗೋಲು ತಗುಲಿಸಿಕೊಂಡವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಒಬ್ಬನೇ ಪಿಜಿ ಇರುತ್ತಾನೆ. ಆಗ ನೀವು ಗಾಯ ತೊಳೆಯಲು ಶುರು ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ. ಹೊಲಿಗೆಗಿಂತ ತೊಳೆಯುವುದು ಮುಖ್ಯ ಅನ್ನೋದನ್ನು ಅಲ್ಲೇ ಕಲಿಯುತ್ತೀರಿ. ಮರಳು, ಹುಲ್ಲು ಉಳಿದ ಗಾಯಕ್ಕೆ ಎಷ್ಟು ಚೆಂದ ಹೊಲಿದರೂ ಐದನೇ ದಿನ ಕೀವು ತುಂಬುತ್ತೆ. ಮರಗಟ್ಟಿಸುವ ಮದ್ದು ಹಾಕುವ ಮುಂಚೆ ಬೆರಳಿನ ಸ್ಪರ್ಶ, ಚಲನೆ ಪರೀಕ್ಷಿಸಿ ಬರೆದಿಡಿ. ಲಿಗ್ನೊಕೇನ್ ಲೆಕ್ಕವನ್ನೂ ಬಾಯಲ್ಲೇ ಹೇಳಿಕೊಳ್ಳಿ: ಶೇ. 2ರ ದ್ರಾವಣದಲ್ಲಿ ಒಂದು ಮಿ.ಲೀ.ಗೆ 20 ಮಿ.ಗ್ರಾಂ. ಕೆಜಿಗೆ 3 ಮಿ.ಗ್ರಾಂ ಮೀರದ ಹಾಗೆ ಅಂದರೆ 50 ಕೆಜಿ ವ್ಯಕ್ತಿಗೆ ಏಳೂವರೆ ಮಿ.ಲೀ.

ಲೇಬರ್ ರೂಮ್‌ನಲ್ಲಿ ಒಂದು ಹೆರಿಗೆಯನ್ನು ಶುರುವಿನಿಂದ ಕೊನೆವರೆಗೆ ಹಿಂಬಾಲಿಸಿ. ಮಗು ಬರುವ ಹೊತ್ತಿಗೆ ಓಡಿ ಬಂದು ಹಿಡಿದರೆ ಅದು ಕಲಿಕೆ ಅಲ್ಲ. ನೋವು ಶುರುವಾದಾಗಿಂದ ಪಕ್ಕದಲ್ಲಿರಿ, ಪಾರ್ಟೊಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಚಾರ್ಟ್) ನೀವೇ ತುಂಬಿ, ಹೊಟ್ಟೆ ಮೇಲೆ ಕೈಯಿಟ್ಟು ನೋವು ಎಷ್ಟು ಹೊತ್ತು ಇರುತ್ತೆ ಎಣಿಸಿ. ಮಗು ಬಂದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ, ಆಮೇಲೆ ಕಸ (ಮಾಸು) ಹುಷಾರಾಗಿ ಬರಿಸುವುದು, ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಕೈಯಿಂದ ನೋಡುವುದು. ಗಟ್ಟಿ ಗರ್ಭಕೋಶ ಹೇಗಿರುತ್ತೆ, ಮೆತ್ತಗಿರುವುದು ಹೇಗಿರುತ್ತೆ ಅನ್ನೋದು ಪುಸ್ತಕದಿಂದ ಬರುವುದಿಲ್ಲ. ಇಪ್ಪತ್ತು ಹೊಟ್ಟೆ ಮುಟ್ಟಿದ ಕೈಗೆ ಮಾತ್ರ ಗೊತ್ತಾಗುತ್ತೆ. ಅರಿವಳಿಕೆ ವಿಭಾಗದ ಎರಡು ವಾರವನ್ನೂ ಬಿಡಬೇಡಿ. ಬ್ಯಾಗ್ ಮಾಸ್ಕ್ ಹಿಡಿಯುವುದನ್ನು ಅಷ್ಟು ನಿಧಾನವಾಗಿ, ಅಷ್ಟು ಸುರಕ್ಷಿತವಾಗಿ ಕಲಿಯಲು ಬೇರೆ ಜಾಗ ಇಲ್ಲ.

ತಾಯಂದಿರ ಜೊತೆ ಮಾತಾಡುವ ಭಾಷೆಯೂ ಕಲಿಕೆಯ ಭಾಗ. ಉರಿ ಮೂತ್ರ, ಬಿಳಿ ಸೆರಗು, ದಮ್ಮು, ಕೈಕಾಲು ಜೋಮು, ಎದೆ ಹಿಡಿದ ಹಾಗೆ ಅನ್ನುವ ಮಾತುಗಳು ಗೊತ್ತಿದ್ದರೆ ಅರ್ಧ ರೋಗ ಅಲ್ಲೇ ಸಿಗುತ್ತೆ. ಹೊರ ರಾಜ್ಯದಿಂದ ಬಂದ ಸಹಪಾಠಿ ಇದ್ದರೆ ಈ ಪದಗಳನ್ನು ಬರೆದುಕೊಡಿ.

ಆ 12 ವಾರವನ್ನು ಲೈಬ್ರರಿಗೆ ಕೊಡಬೇಡಿ

ಸಮುದಾಯ ವೈದ್ಯಶಾಸ್ತ್ರದ ಪೋಸ್ಟಿಂಗ್ ಅಂದರೆ ರಜೆ ಅಂತ ಒಂದು ಮಾತು ಬಹಳ ವರ್ಷದಿಂದ ನಡೆದು ಬಂದಿದೆ. ಸಹಿ ಮಾಡಿ ಹೋಗುವುದು, ನೀಟ್ ಪಿಜಿಗೆ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಓದುವುದು. ಓದುವವರನ್ನು ನಾನು ದೂರುವುದಿಲ್ಲ. 200 ಪ್ರಶ್ನೆ, ಮೂರೂವರೆ ಗಂಟೆ, ಅದರ ಮೇಲೆ ಮುಂದಿನ ಬದುಕು ನಿಂತಿದೆ ಅನ್ನುವ ಹೆದರಿಕೆ ಸಣ್ಣದಲ್ಲ. ಆದರೆ ನೀವು ನಾಳೆ ಒಬ್ಬರೇ ಮಾಡಬೇಕಾದ ಕೆಲಸಗಳು ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುತ್ತಿವೆ. ಅಲ್ಲಿ ಪೈಪೋಟಿಗೆ ಪಿಜಿಯೂ ಇಲ್ಲ.

ಲಸಿಕೆ ದಿನ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಪಕ್ಕ ಕೂತು ಬಿಸಿಜಿ (ಕ್ಷಯದ ಲಸಿಕೆ) ಹಾಕಲು ಕಲಿಯಿರಿ. ಎಡ ತೋಳಿಗೆ, ಚರ್ಮದೊಳಗೆ, ಸಣ್ಣ ಗುಳ್ಳೆ ಏಳಬೇಕು. ಬೆರೆಸಿದ ವೈಲ್ ನಾಲ್ಕು ಗಂಟೆ ದಾಟಿದರೆ ಬಳಸುವಂತಿಲ್ಲ, ಹಾಗಾಗಿ ಸಮಯ ಬರೆಯುವ ಅಭ್ಯಾಸ ಅಲ್ಲೇ ಬರುತ್ತೆ. ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ಇರುತ್ತೆ. ಒಂದೇ ದಿನ ಹತ್ತಾರು ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುವ ಅವಕಾಶ ಅದು. ನಾಯಿ ಕಡಿದವರು ಬಂದರೆ ಗಾಯವನ್ನು ಸೋಪು, ಹರಿಯುವ ನೀರಲ್ಲಿ 15 ನಿಮಿಷ ನೀವೇ ನಿಂತು ತೊಳೆಸಿ. ಹಾವು ಕಚ್ಚಿದವರು ಬಂದರೆ 20 ನಿಮಿಷದ ಪರೀಕ್ಷೆ: ಒಣಗಿದ, ಶುಚಿಯಾದ ಗಾಜಿನ ಟ್ಯೂಬ್‌ನಲ್ಲಿ 2 ಮಿ.ಲೀ. ರಕ್ತ, ಅಲ್ಲಾಡಿಸದೆ 20 ನಿಮಿಷ, ಆಮೇಲೆ ವಾಲಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಕೇಂದ್ರದಲ್ಲಿ ಗಾಜಿನ ಟ್ಯೂಬ್ ಇದೆಯಾ ಅಂತ ಮೊದಲ ದಿನವೇ ಹುಡುಕಿ ನೋಡಿ.

ಓದಿಗೆ ಏನು ಮಾಡುವುದು? ದಿನಕ್ಕೆ ಎರಡು ಗಂಟೆ ಗಟ್ಟಿಯಾಗಿ ಓದಿ. ಬೆಳಗ್ಗೆ ನೋಡಿದ ರೋಗಿಯ ವಿಷಯವನ್ನೇ ರಾತ್ರಿ ಪ್ರಶ್ನೆಗಳಾಗಿ ಬಿಡಿಸಿ, ಅದು ತಲೆಯಲ್ಲಿ ನಿಲ್ಲುತ್ತೆ. ಮನೆಯವರ ಜೊತೆ ಒಮ್ಮೆ ಕೂತು ಮಾತಾಡಿ, ಮೊದಲ ಪ್ರಯತ್ನದಲ್ಲೇ ಸೀಟು ಬರಲೇಬೇಕು ಅನ್ನುವ ಒತ್ತಡ ಸ್ವಲ್ಪ ಇಳಿಸಿಕೊಳ್ಳಿ. ಡ್ಯೂಟಿಗೆ ಬೇರೆಯವರನ್ನು ಕೂರಿಸಿ, ಸುಳ್ಳು ಸಹಿ ಹಾಕಿಸಿ ಓದಲು ಹೋಗುವುದು ಮಾತ್ರ ಬೇಡ.

ನಿಮ್ಮ ಜೀವವನ್ನೂ ನೋಡಿಕೊಳ್ಳಿ

ಕೈ ಕಲಿಯುವಾಗ ಸೂಜಿ ಚುಚ್ಚಿಕೊಳ್ಳುವುದು ಸಾಮಾನ್ಯ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ ನೋಡಿ, ಟೈಟರ್ (ರಕ್ತದಲ್ಲಿ ರಕ್ಷಣೆ ಕೊಡುವ ಪ್ರತಿಕಾಯದ ಮಟ್ಟ) 10ಕ್ಕಿಂತ ಜಾಸ್ತಿ ಇದೆಯಾ ಪರೀಕ್ಷಿಸಿಕೊಳ್ಳಿ. ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ಚುಚ್ಚಿದರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ಕ್ಯಾಶುವಲ್ಟಿಗೆ ಹೋಗಿ ಹೇಳಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಗೊಳ್ಳಬೇಕು. ಬೈಸಿಕೊಳ್ಳುವ ಹೆದರಿಕೆಯಿಂದ ಮುಚ್ಚಿಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ರೋಗಿಗೆ ನೀವು ಯಾರು ಅಂತ ಹೇಳಿ. "ಅಮ್ಮಾ, ನಾನು ಇಲ್ಲಿ ಹೌಸ್ ಸರ್ಜನ್, ದೊಡ್ಡ ಡಾಕ್ಟ್ರು ಪಕ್ಕದಲ್ಲೇ ಇರ್ತಾರೆ, ನಾನು ಹಾಕ್ಲಾ?" ಅಂದರೆ ನಮ್ಮ ಜನ ಬಹುಮಟ್ಟಿಗೆ ಒಪ್ಪುತ್ತಾರೆ. ಬೇಡ ಅಂದರೆ ಅದನ್ನು ಗೌರವಿಸಿ.

ಎಷ್ಟು ಕೇಳಿದರೂ ಸಿಗದಿದ್ದರೆ

ಕೆಲವು ಕಾಲೇಜುಗಳಲ್ಲಿ ಹಾಸಿಗೆಗಳೇ ಖಾಲಿ. ಕೆಲವು ಕಡೆ ಇಂಟರ್ನ್ ಅಂದರೆ ಗುಮಾಸ್ತ. ಒಬ್ಬರೇ ಜಗಳಕ್ಕೆ ಹೋಗಬೇಡಿ. ಬ್ಯಾಚ್‌ನ ಹತ್ತು ಜನರ ನೋಟ್‌ಬುಕ್ ಒಟ್ಟಿಗೆ ಇಟ್ಟು ಲೆಕ್ಕ ಮಾಡಿ: ಹೆರಿಗೆ ಪೋಸ್ಟಿಂಗ್‌ನ ಏಳು ವಾರದಲ್ಲಿ ಎಷ್ಟು ಜನ ಒಂದು ಹೆರಿಗೆಯನ್ನಾದರೂ ತಾವೇ ಮಾಡಿದ್ದಾರೆ? ಆ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ಮೊದಲು ಯೂನಿಟ್ ಮುಖ್ಯಸ್ಥರಿಗೆ, ಆಮೇಲೆ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಧ್ಯಾಪಕರಿಗೆ, ಆಮೇಲೆ ಡೀನ್‌ಗೆ ಕೊಡಿ. ದೂರಿನ ಜೊತೆ ಒಂದು ಬೇಡಿಕೆ ಇರಲಿ. ಅದು ಚಿಕ್ಕದಾಗಿರಲಿ. "ಪ್ರತಿ ಅಡ್ಮಿಷನ್ ಡೇ ಇಬ್ಬರು ಇಂಟರ್ನ್‌ಗಳನ್ನು ಓಡಾಟದಿಂದ ಬಿಟ್ಟು ಪ್ರೊಸೀಜರ್‌ಗೆ ಹಾಕಿ" ಅಂದರೆ ಒಪ್ಪುವುದು ಸುಲಭ. ಐಚ್ಛಿಕ ಪೋಸ್ಟಿಂಗ್ ಆರಿಸುವಾಗ ನಿಮ್ಮ ಖಾಲಿ ಕಾಲಂ ನೋಡಿ ಆರಿಸಿ, ಗೆಳೆಯರು ಎಲ್ಲಿ ಹೋಗುತ್ತಾರೆ ಅಂತ ನೋಡಬೇಡಿ.

ಹೌಸ್‌ಸರ್ಜನ್ಸಿ ಆಗಲೇ ಮುಗಿದುಹೋಗಿದೆಯಾ? ಕೋವಿಡ್ ವರ್ಷಗಳಲ್ಲಿ ಗಂಟಲು ದ್ರವ ತೆಗೆಯುವುದರಲ್ಲೇ ತಿಂಗಳುಗಟ್ಟಲೆ ಕಳೆದ ಬ್ಯಾಚ್‌ನವರು ನನಗೆ ಇದನ್ನೇ ಕೇಳಿದ್ದಾರೆ. ದಾರಿ ಇದೆ. ಜಾಸ್ತಿ ಹೆರಿಗೆ, ಜಾಸ್ತಿ ಅಪಘಾತ ಬರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಆರು ತಿಂಗಳು ಡ್ಯೂಟಿ ಡಾಕ್ಟರ್ ಆಗಿ, ಮೇಲೆ ಒಬ್ಬ ಹಿರಿಯರು ಇರುವ ಕಡೆಯೇ ಸೇರಿಕೊಳ್ಳಿ. ಸಂದರ್ಶನದಲ್ಲೇ ಹೇಳಿ, "ನನಗೆ ಇಂತಿಂಥ ಕೆಲಸ ಸರಿಯಾಗಿ ಬರಲ್ಲ, ಮೊದಲ ತಿಂಗಳು ಯಾರಾದ್ರೂ ಪಕ್ಕದಲ್ಲಿ ಬೇಕು." ಸೇರುವ ಮುಂಚೆ ಬಿಎಲ್‌ಎಸ್, ಎಸಿಎಲ್‌ಎಸ್ (ಹೃದಯ ನಿಂತಾಗ ಜೀವ ಉಳಿಸಲು ಕಲಿಸುವ ತರಬೇತಿ) ಕೋರ್ಸ್ ಮುಗಿಸಿ.

ಆ ರಾತ್ರಿಯ ಸಿಸ್ಟರ್ ಜೊತೆ ನಾನು ಮುಂದಿನ ಎರಡು ತಿಂಗಳು ಪ್ರತಿ ಲಸಿಕೆ ದಿನವೂ, ವಾಂತಿ-ಭೇದಿಯ ಪ್ರತಿ ಮಗು ಬಂದಾಗಲೂ ಕೂತಿದ್ದೆ. ಎಂಟನೇ ಮಗುವಿಗೆ ಟಾರ್ಚ್ ಅವರು ಹಿಡಿದರು, ಕ್ಯಾನುಲಾ ನಾನು ಹಾಕಿದೆ.